ಹೇಮಾ ಬೆಳೆಸಿಟ್ಟ ನೀಲಿ

ಹೋದ ತಿಂಗಳು ಕೊಡಿಗೇಹಳ್ಳಿಯ ಒಳರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಗ್ಯಾಸ್ ಸಿಲಿಂಡರ್ ತುಂಬಿದ ಗಾಡಿಯೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಯಾವ ಸಿಲಿಂಡರಿನ ಬಾಯಿ ಸಡಿಲವಾಗಿತ್ತೋ ಏನೋ, ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಎದುರು ಮನೆಯ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ರೀ, ಲೀಕ್ ಆಗ್ತಿದೆ ನೋಡ್ರೀ, ಮೊದ್ಲು ಗಾಡಿ ಆ ಕಡೆ ತಗೊಳ್ರೀ" ಎಂದು ಕೂಗುತ್ತಿದ್ದರು. ಬೈಕಿನವರು ಹಿಂದಕ್ಕೆ ಸರಿದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ನನಗೆ ಅದು ಹೆದರಿಕೆಯ ವಾಸನೆಯಲ್ಲ. ಅದು ಹೇಮಾಳ ವಾಸನೆ.

ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಗಂಧಕ ಸೇರಿದ ನಾತದ ವಸ್ತುವೊಂದನ್ನು ಅದಕ್ಕೆ ಚೂರು ಬೆರೆಸಿರುತ್ತಾರೆ. ಅದೇ ಕುಲದ ಒಂದು ಪುಡಿಯನ್ನು ನಾವು ಲ್ಯಾಬಿನಲ್ಲಿ ದಿನಾ ಬಳಸುತ್ತಿದ್ದೆವು. ಕೈಗವಸು ಹಾಕಿಕೊಂಡರೂ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೂ ಅದು ಕೂದಲಲ್ಲಿ, ದುಪಟ್ಟಾದಲ್ಲಿ ಉಳಿದುಬಿಡುತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಆಚೀಚೆ ನೋಡಿ, ಅನುಮಾನದಿಂದ ಎದ್ದು ಹೋಗುತ್ತಿದ್ದರು. "ಒಳ್ಳೇದೇ ಆಯ್ತಲ್ಲ, ಆರಾಮಾಗಿ ಕಾಲು ಚಾಚ್ಕೊಂಡು ಕೂರಬಹುದು" ಎನ್ನುತ್ತಿದ್ದಳು ಹೇಮಾ.

ಈಗ ನಾನು ಯಲಹಂಕದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಆಗ ಟಿ. ದಾಸರಹಳ್ಳಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ. ದಿನಾ ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಯಶವಂತಪುರದ ಕಡೆಗಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರಕ್ಕೆ ಹೋಗುತ್ತಿದ್ದೆ. ಪಿಎಚ್.ಡಿ. ಮಾಡಲು ಹೊಸದಾಗಿ ಸೇರಿದ್ದೆ. ಹಿಂದೆ ಯಾವುದೋ ಕಾರ್ಖಾನೆಯಾಗಿದ್ದ ಕಟ್ಟಡ ಅದು. ಮಳೆ ಬಂದರೆ ಕಿಟಕಿಗಳ ಮೇಲಿನ ತಗಡಿನ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ನಮ್ಮ ಗುಂಪೂ ಸಣ್ಣದು. ಮುಖ್ಯಸ್ಥರಾದ ಶ್ರೀಕಂಠ ಸರ್, ಹಿರಿಯ ವಿದ್ಯಾರ್ಥಿಗಳಾದ ಇರ್ಫಾನ್ ಮತ್ತು ಹೇಮಾ, ಕೊನೆಗೆ ನಾನು.

ನನಗೆ ಕೆಲಸ ಕಲಿಸಿದವಳು ಹೇಮಾ. ಮೊದಲ ದಿನ ನಾನು "ನೀವು" ಎಂದಾಗ, "ನೀವು ಗೀವು ಎಲ್ಲಾ ಬೇಡ ಕಣೇ, ನಮ್ಮಮ್ಮನ್ನ ಕರೆದಂಗೆ ಅನ್ಸುತ್ತೆ" ಎಂದು ನಕ್ಕಳು. ಎತ್ತರದ ಹುಡುಗಿ. ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರಿರುತ್ತಿತ್ತು. ಕೈಗವಸಿದ್ದ ಕೈಯಿಂದ ಮುಟ್ಟಲಾಗದೆ, ಭುಜದಿಂದ ಅದನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದಳು.

"ನೋಡು ಭಾರತಿ," ಎಂದು ಒಂದು ಗಾಜಿನ ಚೌಕವನ್ನು ಬೆಳಕಿಗೆ ಹಿಡಿದು ಹೇಳಿದ್ದಳು. "ಇದು ಬರೀ ಗಾಜಲ್ಲ. ಇದರ ಮೇಲೆ ಕರೆಂಟ್ ಹರಿಯೋ ಒಂದು ಪದರ ಇದೆ, ಕಣ್ಣಿಗೆ ಕಾಣಲ್ಲ. ಅದರ ಮೇಲೆ ನಾವು ಬಣ್ಣ ಬೆಳೆಸೋದು. ಬಳಿಯೋದಲ್ಲ, ಬೆಳೆಸೋದು. ಬಣ್ಣದ ಅಣುಗಳು ಒಂದರ ತಲೆ ಮೇಲೆ ಒಂದು ನೆಟ್ಟಗೆ ನಿಲ್ಬೇಕು. ರಾಶಿ ಬಿದ್ರೆ ಏನೂ ಉಪಯೋಗ ಇಲ್ಲ. ಬೆಳಕು ಬಿದ್ದಾಗ ಹುಟ್ಟೋ ಕರೆಂಟು ಆ ರಾಶಿಯೊಳಗೇ ದಾರಿ ತಪ್ಪಿ ಸತ್ತೋಗುತ್ತೆ. ಸಾಲಾಗಿ ನಿಂತಿದ್ರೆ ಒಂದರಿಂದ ಒಂದಕ್ಕೆ ದಾಟ್ಕೊಂಡು ಗಾಜಿಗೆ ಬಂದು ಸೇರುತ್ತೆ."

"ಹೆಂಗೆ ನಿಲ್ಸೋದು?"

"ನಾವು ನಿಲ್ಸೋದಲ್ಲ, ಅವೇ ನಿಲ್ತವೆ. ಮೊದಲನೇ ಸಾಲನ್ನ ಗಾಜಿಗೆ ಕಚ್ಚಿಸ್ತೀವಿ. ಅದರ ತುದಿಗೆ ಒಂದು ಮುಚ್ಚಳ ಇರುತ್ತೆ. ಈ ನಾತದ ಪುಡಿ ಇದ್ಯಲ್ಲ, ಅದು ಆ ಮುಚ್ಚಳ ತೆಗೆಯುತ್ತೆ. ಆಮೇಲೆ ನೀಲಿ ದ್ರಾವಣದಲ್ಲಿ ಮುಳುಗಿಸಿ ಬಿಟ್ಬಿಡೋದು. ಒಂದು ಅಣು ಬಂದು ಅದರ ಮೇಲೆ ನಿಲ್ಲುತ್ತೆ, ಇನ್ನೊಂದಕ್ಕೆ ಜಾಗ ಕೊಡುತ್ತೆ. ಗೊರಗುಂಟೆಪಾಳ್ಯದ ಬಸ್ ಸ್ಟಾಪಲ್ಲಿ ಯಾರಾದ್ರೂ ಹಂಗೆ ಕ್ಯೂ ನಿಲ್ತಾರಾ? ಇವು ನಿಲ್ತವೆ. ಗಾಳಿ ಒಂದು ಸೋಕಬಾರ್ದು, ಅಷ್ಟೇ. ಸೋಕಿದ್ರೆ ತುದಿಗಳೆಲ್ಲ ಒಂದಕ್ಕೊಂದು ಅಂಟ್ಕೊಂಡು ಬೆಳವಣಿಗೆ ನಿಂತೋಗುತ್ತೆ."

ಅದಕ್ಕೇ ಎಲ್ಲವನ್ನೂ ಸಾರಜನಕದ ಹೊದಿಕೆಯಲ್ಲಿ ಮಾಡುತ್ತಿದ್ದೆವು. ಗೋಡೆಗೆ ಸರಪಳಿಯಲ್ಲಿ ಕಟ್ಟಿದ್ದ ಸಿಲಿಂಡರಿನಿಂದ ರಬ್ಬರ್ ಕೊಳವೆಯೊಂದು ಮರದ ಬೀರುವಿನ ಹಿಂದೆ ಹಾದು ನಮ್ಮ ಮೇಜಿಗೆ ಬರುತ್ತಿತ್ತು. ದ್ರಾವಣದಲ್ಲಿ ಸಾರಜನಕ ಗುಳುಗುಳು ಎನ್ನುವ ಸದ್ದು ದಿನವಿಡೀ ಕೇಳುತ್ತಿತ್ತು. ಹೇಮಾ ಹೊರತೆಗೆದ ಗಾಜುಗಳು ಬಟ್ಟೆಗೆ ಹಾಕುವ ನೀಲಿಯಷ್ಟು ಗಾಢವಾಗಿರುತ್ತಿದ್ದವು; ಬೆಳಕಿಗೆ ಹಿಡಿದರೆ ಒಂದು ಕಲೆಯೂ ಕಾಣುತ್ತಿರಲಿಲ್ಲ. ಅವುಗಳಿಂದ ಬರುತ್ತಿದ್ದ ಕರೆಂಟಿನ ಬಗ್ಗೆ ಅವಳೂ ಸರ್ ಅವರೂ ಒಂದು ವಿಜ್ಞಾನ ಪತ್ರಿಕೆಗೆ ಪ್ರಬಂಧ ಬರೆದು ಕಳಿಸಿದ್ದರು.

ಆ ವರ್ಷ ಮಳೆ ಬೇಗ ಶುರುವಾಯಿತು. ಒಂದು ಮಧ್ಯಾಹ್ನ ಹೇಮಾ ಲ್ಯಾಬ್ ಕೋಟಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಇರ್ಫಾನ್ ಅವಳ ಮುಖ ನೋಡಿ, "ಏನ್ ಗುರು, ಕಣ್ಣೆಲ್ಲಾ ಕೆಂಪಗಿದೆ. ಜ್ವರಾನಾ? ಮನೆಗೆ ಹೋಗು ಸುಮ್ನೆ" ಎಂದ.

"ಇದೊಂದು ಗಾಜು ಇಟ್ಟು ಹೋಗ್ತೀನಿ ಕಣೋ. ಒಂದು ಅನುಮಾನ ಇದೆ, ಪರಿಹಾರ ಆಗ್ಬೇಕು."

ಏನು ಅನುಮಾನ ಎಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಅವಳು ಗಾಜನ್ನು ಜಾಡಿಯೊಳಗಿನ ದ್ರಾವಣದಲ್ಲಿ ಮುಳುಗಿಸಿ, ಸಾರಜನಕ ತುಂಬಿ, ಬಿರಡೆ ಬಿಗಿದು, ಬೆಳಕು ಹೋಗದಂತೆ ಹೊರಗೆಲ್ಲ ಅಲ್ಯೂಮಿನಿಯಂ ಹಾಳೆ ಸುತ್ತಿದಳು. ಮೇಲೆ ಟೇಪು ಅಂಟಿಸಿ 'ಹೇಮಾ. ಮುಟ್ಟಬೇಡಿ' ಎಂದು ಬರೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟಳು. ಕೊಡೆ ಮರೆತು ಹೊರಟಿದ್ದಳು. ನಾನು ಗೇಟಿನ ತನಕ ಓಡಿ ಹೋಗಿ ಕೊಟ್ಟೆ. "ಸೋಮವಾರ ಸಿಗೋಣ" ಎಂದಳು.

ಅದು ಡೆಂಗಿ. ಸೋಮವಾರ ಅವಳು ಆಸ್ಪತ್ರೆಯಲ್ಲಿದ್ದಳು. ಆ ವಾರ ಮುಗಿಯುವುದರೊಳಗೆ ತೀರಿಕೊಂಡಳು.

ಕೊಡಿಗೇಹಳ್ಳಿಯ ಅವಳ ಮನೆಗೆ ನಾವು ಮೂವರೂ ಹೋಗಿದ್ದೆವು. ಜನರ ನಡುವೆ ಅವಳ ತಾಯಿಯ ಮುಖ ಸರಿಯಾಗಿ ಕಾಣಲೂ ಇಲ್ಲ. ಸರ್ ಆ ತಾಯಿಯ ಮುಂದೆ ಬಗ್ಗಿ, "ಹೇಮಾ ದೊಡ್ಡ ಕೆಲಸ ಮಾಡಿದ್ದಾರಮ್ಮಾ, ಅವರ ಹೆಸರಲ್ಲಿ ಬರುತ್ತೆ" ಎಂದರು. ಆಕೆ ತಲೆಯಾಡಿಸಿದರು. ಏನು ಬರುತ್ತದೆ, ಎಲ್ಲಿಗೆ ಬರುತ್ತದೆ ಎಂದು ಕೇಳುವ ಹೊತ್ತು ಅದಾಗಿರಲಿಲ್ಲ.

ಲ್ಯಾಬಿನಲ್ಲಿ ಅವಳ ಕೋಟು ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಮೇಜಿನ ಕೆಳಗೆ ಅವಳ ಚಪ್ಪಲಿ ಇತ್ತು, ಶೀಷೆಗಳ ಮೇಲೆಲ್ಲ ಅವಳ ಬರಹ ಇತ್ತು. ಸಾರಜನಕದ ಗುಳುಗುಳು ಸದ್ದು ಯಾರೋ ಬೆನ್ನ ಹಿಂದೆ ನಿಂತು ಉಸಿರಾಡಿದಂತೆ ಕೇಳಿಸತೊಡಗಿತು. ಮಳೆಯ ಸಂಜೆಗಳಲ್ಲಿ ನಾನು ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಫ್ರಿಜ್ಜು ತೆರೆದಾಗೆಲ್ಲ ಆ ಬೆಳ್ಳಿ ಬಣ್ಣದ ಜಾಡಿ ಕಾಣುತ್ತಿತ್ತು. ನಾವು ಅದನ್ನು ತಾಗಿಸದಂತೆ ಕೈ ಹಾಕಿ ನಮ್ಮ ಸಾಮಾನು ತೆಗೆದುಕೊಳ್ಳುತ್ತಿದ್ದೆವು. ಅದನ್ನು ಏನು ಮಾಡುವುದು ಎಂದು ಯಾರೂ ಮಾತೆತ್ತಲಿಲ್ಲ.

ಅಷ್ಟರಲ್ಲಿ ಪ್ರಬಂಧಕ್ಕೆ ಪತ್ರಿಕೆಯ ಪರಿಶೀಲಕರ ಪ್ರಶ್ನೆ ಬಂತು. ಈ ಬಣ್ಣ ನಿಜವಾಗಿಯೂ ಗಾಜಿನಿಂದ ಸಾಲಾಗಿ ಬೆಳೆದದ್ದೇ, ಅಥವಾ ದ್ರಾವಣದಿಂದ ಕೆಳಗಿಳಿದು ಅಂಟಿಕೊಂಡ ರಾಶಿಯೇ? ಸಾಬೀತು ಮಾಡಿ, ಇಲ್ಲವೇ ಆ ಮಾತು ಬಿಡಿ ಎಂದಿದ್ದರು. ಹೇಮಾಳ ಹಳೆಯ ಗಾಜುಗಳೆಲ್ಲ ಪರೀಕ್ಷೆಗಳಲ್ಲಿ ಖರ್ಚಾಗಿದ್ದವು. ಹೊಸದಾಗಿ ಬೆಳೆಸಬೇಕಿತ್ತು. ಅವಳ ಕೈಯಲ್ಲಿ ಕಲಿತವಳು ನಾನೊಬ್ಬಳೇ.

ನಾನು ಬೆಳೆಸಲು ಕೂತೆ. ಅವಳು ಹೇಳಿಕೊಟ್ಟಂತೆಯೇ ತೊಳೆದೆ, ಅಂಟಿಸಿದೆ, ಮುಚ್ಚಳ ತೆಗೆಸಿದೆ, ಮುಳುಗಿಸಿದೆ. ಹೊರತೆಗೆದರೆ ಗಾಜು ಬರಿದೇ ಬರುತ್ತಿತ್ತು. ಹೆಚ್ಚೆಂದರೆ ತೊಳೆದ ಬಟ್ಟೆಯಲ್ಲಿ ಉಳಿದ ಶಾಯಿಯ ಕಲೆಯಷ್ಟು ಬಣ್ಣ. ಮತ್ತೆ ಮಾಡಿದೆ. ಪುಡಿ ಹೊಸದು ತರಿಸಿದೆವು. ದ್ರಾವಣ ಬದಲಾಯಿಸಿದೆವು. ಮಳೆಯ ತೇವವಿರಬೇಕೆಂದು ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದೆವು. ಗಾಜು ನೀಲಿಯಾಗಲಿಲ್ಲ. "ಹೇಮಾದು ಕೈಗುಣ ಮಗಾ" ಎಂದ ಇರ್ಫಾನ್, ನನ್ನನ್ನು ಸಮಾಧಾನ ಮಾಡಲು. ಅದರಿಂದ ಸಮಾಧಾನವಾಗಲಿಲ್ಲ. ಒಂದು ದಿನ ಸರ್ ಒಳಗೆ ಬಂದವರು ನನ್ನ ಬೆನ್ನು ನೋಡಿ, "ಹೇಮಾ, ಆ ರೀಡಿಂಗ್..." ಎಂದರು. ನಾನು ತಿರುಗಿದೆ. ಅವರು ಮಾತು ಪೂರ್ತಿ ಮಾಡಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಬಂದ ದಾರಿಯಲ್ಲೇ ಹೊರಟುಹೋದರು.

ಅವಳ ಚಪ್ಪಲಿ, ಸ್ಟೀಲಿನ ಊಟದ ಡಬ್ಬಿ, ಕೋಟು ಎಲ್ಲ ಮನೆಗೆ ಕೊಟ್ಟು ಬಾ ಎಂದು ಸರ್ ನನ್ನನ್ನು ಕಳಿಸಿದ್ದು ಆ ದಿನಗಳಲ್ಲೇ. ಸಂಜೆ ಲ್ಯಾಬಿನಿಂದ ನೇರವಾಗಿ ಹೋದೆ. ಹಿಂದೆ ಅವರ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡ ಎದ್ದಿತ್ತು. ಮೇಲೆ ಹೇಮಾಳ ಅಣ್ಣನ ಸಂಸಾರ, ಕೆಳಗೆ ತಾಯಿ ಜಯಮ್ಮ.

ಬಾಗಿಲು ತೆರೆದವರು ನನ್ನ ಗುರುತು ಹಿಡಿದು, "ಬಾಮ್ಮಾ" ಎಂದು ಇನ್ನೇನು ನಗಬೇಕು, ನಿಂತುಬಿಟ್ಟರು. ಮುಖದ ಬಣ್ಣವೇ ಬದಲಾಯಿತು. ಸರಸರನೆ ಅಡುಗೆಮನೆಗೆ ಹೋದರು. ಒಲೆಯ ತಿರುಪನ್ನು ತಿರುಗಿಸಿ ನೋಡಿದ ಸದ್ದು ಕೇಳಿಸಿತು. ವಾಪಸು ಬಂದು ನನ್ನ ಹತ್ತಿರ ನಿಂತು, ಮೆಲ್ಲಗೆ ಕೇಳಿದರು.

"ನಿನ್ ಮೈಯಿಂದ ಬತ್ತಾ ಇರೋದಾ?"

"ಹೌದಮ್ಮಾ. ಲ್ಯಾಬಿಂದು. ಎಷ್ಟು ತೊಳೆದ್ರೂ ಹೋಗಲ್ಲ."

ಅವರು ಅಲ್ಲೇ ಕುರ್ಚಿಯ ಮೇಲೆ ಕೂತರು. "ದಿನಾ ಸಾಯಂಕಾಲ ಇವ್ಳು ಒಳಿಕ್ ಬಂದ್ ತಕ್ಷಣ ನಾನು ಓಗಿ ಗ್ಯಾಸ್ ನೋಡೋಳು. ಇವ್ಳು ನಗೋಳು. 'ಗ್ಯಾಸಲ್ಲ ಕಣವ್ವಾ, ನಾನು' ಅನ್ನೋಳು. ಈಗ್ಲೂ ಒತ್ತು ಮುಳುಗಿದ್ರೆ ಒಂದ್ಸಲ ಓಗಿ ನೋಡ್ತೀನಿ ಕಣಮ್ಮ. ವಾಸ್ನೆ ಇರಾಕಿಲ್ಲ. ಆದ್ರೂ ನೋಡ್ತೀನಿ."

ಅವರ ಬಾಯಲ್ಲಿ ಅವಳು ಹೇಮಾ ಅಲ್ಲ, 'ಏಮಾ'. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ತೆಗೆದು, ಖಾಲಿ ಡಬ್ಬಿಯೊಳಗೆ ನೋಡಿ ಮತ್ತೆ ಮುಚ್ಚಿದರು. ಕಾಫಿ ಕೊಟ್ಟರು. ಆಮೇಲೆ ಕೇಳಿದರು: "ನಿಮ್ ಸಾರು ಏಳಿದ್ರಲ್ಲಾ, ಏಮಾ ಎಸ್ರಲ್ಲಿ ಬರ್ತದೆ ಅಂತ. ಬಂತಾ?"

"ಇನ್ನೂ ಇಲ್ಲಮ್ಮಾ. ಕೆಲವು ಅನುಮಾನ ಕೇಳಿದ್ದಾರೆ."

"ಯಾರ್ ಮೇಲೆ ಅನುಮಾನ?"

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ.

"ನಮ್ಮುಡುಗಿ ಮಾಡಿದ್ದು ನಿಜ ತಾನೇ?" ಎಂದರು. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ.

"ನಿಜ ಅಮ್ಮಾ. ನಾನೇ ನೋಡಿದೀನಿ" ಎಂದೆ. ನೋಡಿದ್ದು ಸುಳ್ಳಲ್ಲ. ಆದರೆ ನೋಡಿದ್ದು ನೀಲಿ ಬಣ್ಣವನ್ನು ಮಾತ್ರ. ಅದು ಸಾಲೋ ರಾಶಿಯೋ ಎಂದು ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಮಳೆಯಲ್ಲಿ ಸಾಲುಗಟ್ಟಿ ನಿಂತ ವಾಹನಗಳ ನಡುವೆ, ಅದೊಂದೇ ವಿಷಯ ತಲೆಯೊಳಗೆ ಸುತ್ತುತ್ತಿತ್ತು.

ಮಾತು ನಮ್ಮ ಲ್ಯಾಬಿನ ಹೊರಗೂ ಹೋಗಿತ್ತು. ಮೇಲಿನ ಮಹಡಿಯ ಒಬ್ಬರು ಚಹಾ ಕುಡಿಯುತ್ತ, "ರಿಪೀಟ್ ಆಗ್ತಿಲ್ವಂತೆ? ಪಾಪ, ಈಗ ಅವರನ್ನ ಕೇಳೋಕೂ ಆಗಲ್ಲ" ಎಂದರು. ಇರ್ಫಾನ್ ಲೋಟ ಅಲ್ಲೇ ಬಿಟ್ಟು ಎದ್ದುಹೋದ. ಸರ್ ಅವರಿಗೂ ಅನುಮಾನ ಹತ್ತಿತ್ತೆಂದು ತೋರುತ್ತದೆ. ಒಂದು ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು, "ಪ್ರಬಂಧ ವಾಪಸ್ ತಗೊಳ್ಳೋಣ ಅಂತಿದೀನಿ. ಸಾಬೀತು ಮಾಡೋಕಾಗ್ದೇ ಇರೋದನ್ನ ಅವಳ ಹೆಸರಲ್ಲಿ ಹಾಕೋದು ಅವಳಿಗೂ ನ್ಯಾಯ ಅಲ್ಲ" ಎಂದರು.

ಇರ್ಫಾನ್ ಎದ್ದ, ಮತ್ತೆ ಕೂತ. ಕೊನೆಗೆ, "ಸರ್, ಫ್ರಿಜ್ಜಲ್ಲಿ ಅವಳದೊಂದು ಜಾಡಿ ಇದೆ" ಎಂದ.

"ಅದು ಇಷ್ಟೊತ್ತಿಗೆ ಹಾಳಾಗಿರುತ್ತೆ."

"ಇರಬಹುದು ಸರ್. ನೋಡ್ಲಾ?"

ನನಗೆ ಬೇಡವೆನ್ನಿಸಿತು. ಕಾರಣ ಹೇಳಲು ಆಗ ನಾಚಿಕೆಯಾಯಿತು. ಜಾಡಿ ಮುಚ್ಚಿರುವ ತನಕ ಹೇಮಾ ಶುರು ಮಾಡಿದ ಒಂದು ಕೆಲಸ ಆ ಕತ್ತಲಲ್ಲಿ ಇನ್ನೂ ನಡೆಯುತ್ತಿತ್ತು. ಅವಳು ಹೋದ ಮೇಲೂ ಅಣುಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ತೆರೆದರೆ ಅದು ಮುಗಿಯುತ್ತಿತ್ತು.

ಸರ್ ಒಪ್ಪಿದರು. ಇರ್ಫಾನ್ ಹಾಳೆ ಬಿಚ್ಚಿದ. ಟೇಪಿನ ಮೇಲಿನ ಬರಹ ಹರಿಯದಂತೆ ನಿಧಾನಕ್ಕೆ ಕಿತ್ತು ಪಕ್ಕಕ್ಕಿಟ್ಟ. ನಾನು ಚಿಮುಟದಿಂದ ಗಾಜನ್ನು ಎತ್ತಿ ತೊಳೆದೆ. ಹನಿ ಇಳಿಯುತ್ತಿದ್ದ ಗಾಜನ್ನು ಕಿಟಕಿಗೆ ಹಿಡಿದೆ.

ಗಾಜಿನ ಅರ್ಧ ಭಾಗ, ನಾನು ಹಿಂದೆಂದೂ ಕಂಡಿರದಷ್ಟು ಗಾಢ ನೀಲಿ. ಇನ್ನರ್ಧ ನೀರಿನಷ್ಟು ತಿಳಿ. ನಡುವೆ ಅಡಿಕೋಲಿಟ್ಟು ಎಳೆದಂಥ ಗೆರೆ.

ಅವಳ ಅನುಮಾನ ಏನಿತ್ತೆಂದು ಆಗ ಅರ್ಥವಾಯಿತು. ಪರಿಶೀಲಕರು ಕೇಳುವ ಮೊದಲೇ ಅದೇ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಂಡಿದ್ದಳು. ಅದಕ್ಕೇ ಗಾಜಿನ ಅರ್ಧಕ್ಕೆ ಮಾತ್ರ ಮೊದಲ ಸಾಲನ್ನು ಕಚ್ಚಿಸಿದ್ದಳು. ಬಣ್ಣ ಸುಮ್ಮನೆ ಮೇಲಿಂದ ಇಳಿದು ಕೂರುವುದಾಗಿದ್ದರೆ ಎರಡೂ ಅರ್ಧಗಳಲ್ಲಿ ಕೂರಬೇಕಿತ್ತು. ಅಷ್ಟು ಕಾಲ ಮುಳುಗಿದ್ದರೂ ಮೊದಲ ಸಾಲಿನ ಬೇರಿಲ್ಲದ ಕಡೆ ಒಂದು ಚುಕ್ಕೆಯೂ ಅಂಟಿರಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಆದರೆ ಅಷ್ಟೇ ಸಾಲದು. ಅಣುಗಳು ನೆಟ್ಟಗೆ ನಿಂತಿವೆಯೇ ಎಂದು ತಿಳಿಯಲು ಪದರವನ್ನು ಅಡ್ಡಲಾಗಿ ಸೀಳಿದ ಅಂಚನ್ನು ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ನಮ್ಮಲ್ಲಿರಲಿಲ್ಲ, ಇದ್ದ ಕಡೆ ಉಗುರಿನಷ್ಟು ತುಣುಕನ್ನು ಮಾತ್ರ ಒಳಗಿಡಬಹುದಿತ್ತು. ಅಂದರೆ ಗಾಜನ್ನು ಒಡೆಯಬೇಕು.

"ನಂಗಾಗಲ್ಲ" ಎಂದ ಇರ್ಫಾನ್.

"ಅವರ ತಾಯಿನ ಒಂದು ಮಾತು ಕೇಳೋಣ ಸರ್" ಎಂದೆ.

ಜಯಮ್ಮ ಫೋನಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಒಡಿಯೋಕ್ ಮುಂಚೆ ನಾನೊಂದ್ಸಲ ನೋಡ್ಬೋದಾ?" ಎಂದರು.

ಮರುದಿನ ಮಧ್ಯಾಹ್ನ ಮಗ ಕಾರಿನಲ್ಲಿ ತಂದು ಬಿಟ್ಟ. ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು ಬಂದಿದ್ದರು. ಒಳಗೆ ಕಾಲಿಟ್ಟವರು ಒಂದು ಸಲ ಉಸಿರೆಳೆದುಕೊಂಡರು. "ಇಲ್ಲಿಂದ ಬತ್ತಿತ್ತಾ" ಎಂದರು, ತಮ್ಮಷ್ಟಕ್ಕೆ. ಹೇಮಾ ಕೂರುತ್ತಿದ್ದ ಸ್ಟೂಲು ತೋರಿಸಿದೆ. ಕೂರಲಿಲ್ಲ, ಕೈಯಿಂದ ಅದರ ಮೇಲ್ಭಾಗ ಸವರಿದರು.

ಕಿಟಕಿಯ ಪರದೆ ಎಳೆದು, ಗಾಜನ್ನು ಉಪ್ಪಿನ ದ್ರಾವಣವಿದ್ದ ಪುಟ್ಟ ಪಾತ್ರೆಯಲ್ಲಿ ನಿಲ್ಲಿಸಿ, ತಂತಿ ಜೋಡಿಸಿದೆ. ಕಂಪ್ಯೂಟರಿನ ಪರದೆಯಲ್ಲಿ ಗೆರೆಯೊಂದು ನೆಲಕ್ಕಂಟಿಕೊಂಡು ಹರಿಯುತ್ತಿತ್ತು. ದೀಪ ಹಾಕಿದೆ. ಗೆರೆ ಮೇಲಕ್ಕೆದ್ದು ನಿಂತಿತು.

"ಏನದು?"

"ಕರೆಂಟಮ್ಮಾ. ಹೇಮಾ ಬೆಳೆಸಿದ ಬಣ್ಣ ಬೆಳಕನ್ನ ಹಿಡಿದು ಕರೆಂಟು ಮಾಡ್ತಿದೆ. ಸ್ವಲ್ಪ, ಒಂದು ಬಲ್ಬ್ ಕೂಡ ಉರಿಯಲ್ಲ ಇದರಲ್ಲಿ. ಆದ್ರೆ ಮಾಡ್ತಿದೆ."

ಜಯಮ್ಮ ದೀಪಕ್ಕೂ ಗಾಜಿಗೂ ನಡುವೆ ಕೈ ಅಡ್ಡ ಹಿಡಿದರು. ಗೆರೆ ಧೊಪ್ಪೆಂದು ಕೆಳಗೆ ಬಿತ್ತು. ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ಗೆರೆ ಎದ್ದಿತು. ಮತ್ತೆ ಹಿಡಿದರು, ಬಿತ್ತು. ತೆಗೆದರು, ಎದ್ದಿತು. ಎಷ್ಟು ಸಲ ಹಾಗೆ ಮಾಡಿದರೋ. ನಾವು ಯಾರೂ ಸಾಕೆನ್ನಲಿಲ್ಲ.

"ನನ್ ಕೈ ಅಂತ ಗೊತ್ತಾಗ್ತದಾ ಅದಕ್ಕೆ?"

ಹೌದು ಎಂದುಬಿಡಬೇಕೆನ್ನಿಸಿತು. "ಇಲ್ಲಮ್ಮಾ. ನೆರಳು ಅಂತ ಗೊತ್ತಾಗುತ್ತೆ, ಅಷ್ಟೇ" ಎಂದೆ.

ಅವರು ತಲೆಯಾಡಿಸಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. "ಒಡದ್ರೆ ನಿಜ ಅಂತ ಎಲ್ರಿಗೂ ಗೊತ್ತಾಗ್ತದಾ?"

"ಗೊತ್ತಾಗಬಹುದು. ನಾವು ಅಂದ್ಕೊಂಡ ಹಂಗಿಲ್ಲ ಅಂತಾನೂ ಗೊತ್ತಾಗಬಹುದು" ಎಂದರು ಸರ್. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಜಯಮ್ಮ ನನ್ನ ಕಡೆ ತಿರುಗಿದರು. "ಅವ್ಳು ಕೆಲ್ಸ ಕಲ್ಸಿದ್ದು ನಿಂಗೆ ತಾನೇ? ನೀನೇ ಒಡಿ."

ಗಾಜನ್ನು ಒಣಗಿಸಿ ಬೋರಲು ಹಾಕಿದೆ. ವಜ್ರದ ಮೊನೆಯ ಪೆನ್ನಿನಿಂದ ಹಿಂಬದಿಗೆ ಗೀರೆಳೆದೆ. ಎರಡೂ ಕೈಯ ಹೆಬ್ಬೆರಳಿಟ್ಟು ಅಮುಕಬೇಕು; ಬೆರಳು ಕೇಳಲಿಲ್ಲ. ಜಯಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಟಿಕ್ ಎಂದು ಸದ್ದಾಯಿತು. ಅಷ್ಟು ಸಣ್ಣ ಸದ್ದು. ಒಂದು ದೊಡ್ಡ ತುಂಡು, ಕೆಲವು ಚಿಕ್ಕವು. ಸರ್ ಹೊರಗೆ ಹೋಗಿ ಮಳೆ ನೋಡುತ್ತ ನಿಂತಿದ್ದರು.

ಚಿತ್ರ ಬರಲು ಕೆಲವು ದಿನ ಹಿಡಿಯಿತು. ಅಂಚಿನಲ್ಲಿ ಪದರ ಗಾಜಿನಿಂದಲೇ ಎದ್ದು, ಉದ್ದಕ್ಕೂ ಒಂದೇ ದಪ್ಪಕ್ಕೆ ಬೆಳೆದಿತ್ತು. ಎಲ್ಲೂ ಗುಡ್ಡೆಯಿಲ್ಲ, ಪೊಳ್ಳಿಲ್ಲ. ಇನ್ನೊಂದು ತುಣುಕಿಗೆ ಎಕ್ಸ್-ರೇ ಹಾಯಿಸಿದಾಗ ಅಣುವಿಗೂ ಅಣುವಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಎಂದು ತಿಳಿಯಿತು. ಜ್ವರದ ಕೈಯಲ್ಲಿ ಅವಳು ಇಟ್ಟು ಹೋದದ್ದು ಸಾಲಾಗಿಯೇ ನಿಂತಿತ್ತು. ಪರಿಶೀಲಕರು ಒಪ್ಪಿದರು. ಪ್ರಬಂಧ ಪ್ರಕಟವಾಗುತ್ತದೆಂಬ ಸುದ್ದಿ ಬಂದ ದಿನ ಇರ್ಫಾನ್ ಮೇಲಿನ ಮಹಡಿಗೆ ಹೋಗಿ, ಏನೂ ಹೇಳದೆ ಎಲ್ಲರ ಮೇಜಿನ ಮೇಲೂ ಸಿಹಿ ಇಟ್ಟು ಬಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಆ ಮಳೆಗಾಲ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ.

ಸುದ್ದಿ ಬಂದು ವಾರವೂ ಆಗಿರಲಿಲ್ಲ. ಸಾರಜನಕದ ಸಿಲಿಂಡರ್ ಬೇಗ ಬೇಗ ಖಾಲಿಯಾಗುತ್ತಿದೆ ಎಂದು ಇರ್ಫಾನಿಗೆ ಅನುಮಾನ ಬಂತು. ಬೀರುವನ್ನು ಗೋಡೆಯಿಂದ ಈಚೆಗೆಳೆದು, ಕುಂಚದಲ್ಲಿ ಸೋಪಿನ ನೀರು ಅದ್ದಿ ಕೊಳವೆಯ ಉದ್ದಕ್ಕೂ ಹಚ್ಚುತ್ತ ಹೋದ. ಬೀರುವಿನ ಮೂಲೆಯಲ್ಲಿ ಕೊಳವೆ ಬಾಗುವ ಕಡೆ ಒಂದು ಗುಳ್ಳೆ ಉಬ್ಬಿ ಒಡೆಯಿತು. ಮತ್ತೊಂದು ಉಬ್ಬಿತು. ರಬ್ಬರು ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿಂದ ಸಾರಜನಕ ಹೊರಹೋಗುತ್ತಿತ್ತು, ಗಾಳಿ ಒಳನುಸುಳುತ್ತಿತ್ತು. ಹೇಮಾ ಇದ್ದಾಗ ಅದು ಬಿರುಕು ಬಿಟ್ಟಿರಲಿಲ್ಲ, ಅಷ್ಟೇ.

ಹೊಸ ಕೊಳವೆ ಹಾಕಿದೆವು. ಆಮೇಲೆ ನಾನು ಮುಳುಗಿಸಿಟ್ಟ ಮೊದಲ ಗಾಜೇ ನೀಲಿಯಾಗಿ ಬಂತು. ಗಾಢ ನೀಲಿ, ಕಲೆಯಿಲ್ಲದ್ದು. ಇರ್ಫಾನ್ ಅದನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರ ತಲೆಯಲ್ಲೂ ಇದ್ದದ್ದು ಒಂದೇ. ಬೀರುವನ್ನು ಮೊದಲೇ ಎಳೆದಿದ್ದರೆ ಇಂಥ ಗಾಜುಗಳನ್ನು ಬೇಕಾದಷ್ಟು ಬೆಳೆಸಿ ಒಡೆಯಬಹುದಿತ್ತು. ಹೇಮಾಳದ್ದು ಇಡಿಯಾಗಿ ಉಳಿಯುತ್ತಿತ್ತು.

"ಇದನ್ನ ಆ ತಾಯಿಗೆ ಹೇಳೋದು ಬೇಡ" ಎಂದರು ಸರ್. "ನಮಗೇ ಸಾಕು."

ಮುಚ್ಚಿಡಲು ನನ್ನಿಂದಾಗಲಿಲ್ಲ. ಗೆರೆ ಎದ್ದಾಗ, ಬಿದ್ದಾಗ ಅವರ ಮುಖ ಹೇಗಿತ್ತೆಂದು ನಾನು ಕಂಡಿದ್ದೆ. ಪ್ರಬಂಧದ ಪ್ರತಿ ಕೈಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೊಡಿಗೇಹಳ್ಳಿಗೆ ಹೋದೆ. ಮಳೆ ನಿಂತಿತ್ತು. ರಸ್ತೆಯ ಗುಂಡಿಗಳಲ್ಲಿ ಮಾತ್ರ ನೀರು. ಜಯಮ್ಮ ಪ್ರತಿಯ ಮೇಲೆ ಮಗಳ ಹೆಸರು ಎಲ್ಲಿದೆಯೆಂದು ಕೇಳಿ ನೋಡಿದರು. ಪಕ್ಕದ ಪುಟ್ಟ ಗುರುತು ಏನೆಂದು ಕೇಳಿದರು. ತೀರಿಕೊಂಡವರ ಹೆಸರಿಗೆ ಹಾಗೆ ಹಾಕುತ್ತಾರೆ ಎಂದೆ. ಬೆರಳನ್ನು ಅದರ ಮೇಲಿಂದ ಹೆಸರಿನ ಮೇಲಕ್ಕೆ ಸರಿಸಿದರು.

"ಮಿಕ್ಕಿದ ತುಂಡು ಎಲ್ಲೈತೆ?"

"ಲ್ಯಾಬಲ್ಲಿದೆ ಅಮ್ಮಾ. ಒಂದು ಡಬ್ಬಿಯಲ್ಲಿ ಹಾಕಿ ಕತ್ತಲಲ್ಲಿ ಇಟ್ಟಿದೀವಿ. ಸದಾ ಬೆಳಕಲ್ಲಿದ್ರೆ ಬಣ್ಣ ಹೋಗುತ್ತೆ."

"ಬೆಳಕಿಗೇ ಅಂತ ಮಾಡಿದ್ದಲ್ವಾ ಅದು?"

"ಹೌದು."

ಅವರು ಪ್ರತಿಯನ್ನು ಮಡಿಲಿಗೆಳೆದುಕೊಂಡು, "ಸರಿ, ಉಳೀಲಿ" ಎಂದರು.

ಆಗ ಕೊಳವೆಯ ವಿಷಯ ಹೇಳಿದೆ. ಬೀರುವಿನ ಹಿಂದಿನ ಬಿರುಕು, ಸೋಪಿನ ಗುಳ್ಳೆ, ಆಮೇಲೆ ನನ್ನ ಗಾಜು ನೀಲಿಯಾದದ್ದು, ಎಲ್ಲ. "ಅದು ಮೊದ್ಲೇ ಸಿಕ್ಕಿದ್ರೆ ಹೇಮಾದು ಒಡೆಯೋದೇ ಬೇಕಿರ್ಲಿಲ್ಲಮ್ಮಾ" ಎಂದೆ.

ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು. ಜಯಮ್ಮ ಬಾಗಿಲಾಚೆಗೆ ನೋಡುತ್ತ ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಆ ಪೈಪು ಮೊದ್ಲೇ ಸಿಕ್ಕಿದ್ರೆ," ಎಂದು ನಿಧಾನವಾಗಿ ಕೇಳಿದರು, "ನನ್ನ ಅಲ್ಲಿಗೆ ಕರೀತಿದ್ರಾ ನೀವು?"

ಯೋಚಿಸಿದೆ. ನಾವು ಗಾಜು ಬೆಳೆಸುತ್ತಿದ್ದೆವು, ಒಡೆಯುತ್ತಿದ್ದೆವು, ಉತ್ತರ ಬರೆದು ಕಳಿಸುತ್ತಿದ್ದೆವು. ಹೇಮಾಳ ಜಾಡಿ ಫ್ರಿಜ್ಜಿನಲ್ಲೇ ಉಳಿಯುತ್ತಿತ್ತು. ಅದನ್ನು ಬಂದು ನೋಡಿ ಎಂದು ಅವಳ ತಾಯಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯುತ್ತಿರಲಿಲ್ಲ.

"ಇಲ್ಲಮ್ಮಾ" ಎಂದೆ.

"ಅಂಗಾರೆ ಬಿಡು. ಆಮೇಲ್ ಸಿಕ್ಕಿದ್ದೇ ಒಳ್ಳೇದಾಯ್ತು" ಎಂದು ಜಯಮ್ಮ ನನ್ನ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು.